ಗುಂಡಿನ ಸದ್ದಿಗೆ ಮುಂಚೆ

ಯಾರೋ ಪೆಪ್ಪರಮಿಂಟಿನ ಕಾಗದ ಬಿಚ್ಚುತ್ತಿದ್ದಾರೆ, ಪರಪರ, ಪರಪರ, ಒಂದೇ ಸಲಕ್ಕೆ ಹರಿದು ಬಾಯಿಗೆ ಹಾಕಿಕೊಳ್ಳಬಾರದೇ ಮಹಾರಾಯ, ಸಾಲಿನ ತುದಿಯಲ್ಲಿ ಕುಳಿತ ನನ್ನ ಹುಡುಗಿಗೆ ಆ ಸದ್ದು ಕಿವಿಯೊಳಗೆ ಮೊಳೆ ಹೊಡೆದಂತೆ ಕೇಳುತ್ತದೆ — ನನ್ನ ಹುಡುಗಿ ಎಂದರೆ ನನ್ನವಳೇನಲ್ಲ, ಬೆಳಿಗ್ಗೆಯಷ್ಟೇ ಕಂಡವಳು, ಇಪ್ಪತ್ತು ದಾಟಿದ ಹೆಣ್ಣು, ಥಟ್ಟನೆ ಬರುವ ಸದ್ದು ತಡೆಯಲಾರದವಳು, ಅಂಥವರನ್ನು ನಾಟಕಕ್ಕೆ ಸಿದ್ಧಮಾಡುವುದೇ ಈ ರಂಗಮಂದಿರದಲ್ಲಿ ನನ್ನ ಕೆಲಸ, ವೀಲ್‌ಚೇರಿನವರಿಗೆ ಇಳಿಜಾರು ದಾರಿ ತೋರಿಸುವುದು, ಕಣ್ಣು ಕಾಣದವರನ್ನು ಖಾಲಿ ರಂಗಕ್ಕೆ ಹತ್ತಿಸಿ ಮೇಜು, ಕಪಾಟು, ಕತ್ತಿ ಮುಟ್ಟಿಸುವುದು, ಇಂಥವಳಿಗೆ ಎಲ್ಲಿ ದೀಪ ಆರುತ್ತದೆ, ಎಲ್ಲಿ ಗುಂಡು ಹಾರುತ್ತದೆ ಎಂದು ಮೊದಲೇ ಹೇಳಿಬಿಡುವುದು, ಕುತೂಹಲಾನೇ ಕೊಂದುಹಾಕ್ತೀರಲ್ರೀ ಅಂತ ನಿರ್ದೇಶಕ ಗೊಣಗುತ್ತಾನೆ, ಗೊಣಗಲಿ. ರಂಗದ ಮೇಲೆ ಅಣ್ಣತಮ್ಮಂದಿರು ಒಬ್ಬರ ಕುತ್ತಿಗೆ ಒಬ್ಬರು ಹಿಡಿದಿದ್ದಾರೆ, ಮೇಜು ಮಗುಚಿತು, ಇನ್ನೇನು ತಮ್ಮ ಕಪಾಟು ತೆರೆದು ಪಿಸ್ತೂಲು ತೆಗೆಯುತ್ತಾನೆ, ಕಪಾಟಿನ ಬಾಗಿಲು ಕಿರ್ ಎಂದ ಕೂಡಲೇ ಗೋಡೆಗೊರಗಿ ನಿಂತ ನಾನು ಸನ್ನೆ ಮಾಡಬೇಕು, ಅವಳು ಕಿವಿ ಮುಚ್ಚಿಕೊಳ್ಳಬೇಕು, ಅಷ್ಟೇ ನಮ್ಮ ಒಪ್ಪಂದ.

ಮಾಮೂಲಿ ಸನ್ನೆ ಎಂದರೆ ಅಂಗೈ ಮೇಲೆತ್ತುವುದು, ದೂರದಿಂದ ಕಾಣಲಿ ಎಂದು ನಾವೇ ಕೂತು ಯೋಚಿಸಿ ಮಾಡಿಕೊಂಡದ್ದು, ಎಂಥ ಬುದ್ಧಿವಂತರು ನಾವು — ಬೆಳಿಗ್ಗೆ ಖಾಲಿ ರಂಗದ ಮೇಲೆ ನಗುನಗುತ್ತಾ ನೋಡಮ್ಮಾ ಹೀಗೆ ಅಂತ ಕೈ ಎತ್ತಿದೆ, ಅವಳು ಅಲ್ಲೇ ಕುಸಿದಳು, ಎರಡೂ ತೋಳು ತಲೆಯ ಮೇಲೆ, ಮುಖ ಮೊಣಕಾಲಿನ ನಡುವೆ, ಏಟು ತಿಂದು ತಿಂದು ಪಳಗಿದ ಮೈ ಮಾತ್ರ ಅಷ್ಟು ಬೇಗ ಮುದುಡುತ್ತದೆ, ನನಗೆ ಗೊತ್ತು, ಒಲೆಯ ಪಕ್ಕದ ಮೂಲೆಯಲ್ಲಿ ನಮ್ಮಮ್ಮ ಹಾಗೇ ಮುದುಡುತ್ತಿದ್ದಳು, ಅಪ್ಪನ ಕೈ ಮೇಲೆ ಹೋಗಿ ಒಂದು ಗಳಿಗೆ ಅಲ್ಲೇ ನಿಲ್ಲುತ್ತಿತ್ತು, ಆ ಹೆಬ್ಬೆರಳು, ಬುಡ ಅಗಲ, ತುದಿ ಹಿಂದಕ್ಕೆ ಬಾಗಿದ್ದು, ಆಮೇಲೆ ಬೀಳುತ್ತಿತ್ತು, ಗೋಡೆಗೆ ತಲೆ ಬಡಿದ ಸದ್ದು, ಪಾತ್ರೆ ಉರುಳಿದ ಸದ್ದು. ನನ್ನ ಉಗುರು ಕತ್ತರಿಸುವಾಗ ಅಮ್ಮ, ಅಪ್ಪನ ಹೆಬ್ಬೆರಳೇ ಬಂದಿದೆ ನೋಡು ನಿಂಗೆ ಅನ್ನುತ್ತಿದ್ದಳು, ಪ್ರೀತಿಯಿಂದಲೇ ಅನ್ನುತ್ತಿದ್ದಳು, ಅದಕ್ಕೇ ನನಗೆ ಈಗಲೂ ಹೊಟ್ಟೆ ಉರಿಯುವುದು. ಹುಡುಗಿಯ ಜೊತೆಗೆ ಬಂದಿದ್ದ ಅಣ್ಣ, ಇಸ್ತ್ರಿ ಮುರಿಯದ ಅಂಗಿ, ಏಳೇ ಸಾಕು, ನಾಟಕ ನೋಡೋಕೆ ಬಂದು ನೀನೇ ನಾಟಕ ಆಡ್ಬೇಡ, ಇವಳದ್ದು ಯಾವಾಗ್ಲೂ ಇದ್ದದ್ದೇ ಮೇಡಂ, ಅಂತ ಹಲ್ಲು ಕಿರಿದು ಅವಳ ರಟ್ಟೆ ಹಿಡಿದೆತ್ತಿದ, ಬೆರಳು ಮಾಂಸದೊಳಗೆ ಇಳಿದದ್ದು ಕಂಡೆ, ಅವಳ ಅಂಗಿಯ ತೋಳು ಸರಿದು ಹಳದಿಗೆ ತಿರುಗಿದ ಹಳೆಯ ಕಲೆಗಳೂ ಕಂಡವು, ಆ ಕಡೆ ಕತ್ತಿ ಸವರುತ್ತಿದ್ದ ಕಣ್ಣು ಕಾಣದ ಮೇಷ್ಟ್ರು ತಲೆಯೆತ್ತಿ ಯಾರಿಗೆ ನೋವಾಯ್ತು ಅಂದರು. ಪರದೆಯ ಕಬ್ಬಿಣದ ಸರಳು ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಆ ಬೆರಳುಗಳನ್ನು ರಂಗದ ಅಂಚಿಗಿಟ್ಟು ಒಂದೊಂದಾಗಿ ಜಜ್ಜಬೇಕು, ಅವನು ಅಮ್ಮಾ ಅನ್ನಬೇಕು, ಅನ್ನುತ್ತಲೇ ಇರಬೇಕು — ಬಾಯಿ ಮಾತ್ರ, ಸರ್, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ, ಅಂದಿತು.

ಅವನು ಹೋದ ಮೇಲೆ ನೆಲದ ಮೇಲೇ ಅವಳ ಪಕ್ಕ ಕುಳಿತೆ, ಆ ಸನ್ನೆ ಬೇಡ, ನಿಂಗೆ ಯಾವುದು ಬೇಕೋ ನೀನೇ ಹೇಳು ಅಂದೆ, ಅವಳು ನನ್ನ ಕೈ ಹಿಡಿದು ನನ್ನ ಎದೆಯ ಮೇಲೇ ಇಟ್ಟಳು, ಇದು, ಕೈ ಇಲ್ಲೇ ಇರ್ಲಿ, ಇಲ್ಲಿ ಯಾರೂ ಕೈ ಎತ್ತಲ್ವಾ. ಎತ್ತಲ್ಲ, ಈ ಕಟ್ಟಡದೊಳಗೆ ಯಾರೂ ಎತ್ತಲ್ಲ, ನಾನಿದ್ದೀನಲ್ಲ. ಹಾಗಾದ್ರೆ ಗುಂಡು ಹೊಡೀಲಿ ಬಿಡಿ ಅಂತ ನಕ್ಕಳು, ಎಷ್ಟು ಚೆಂದ ನಕ್ಕಳು.

ಪರಪರ, ಮತ್ತೆ ಆ ಕಾಗದ, ಅವಳು ಗುನುಗತೊಡಗಿದ್ದಾಳೆ, ಗುನುಗಿದರೆ ಅವಳಿಗೆ ಸಮಾಧಾನ, ಬಿಡಿ ಎಂದು ಪಕ್ಕದಲ್ಲಿ ಕೂತ ಅವಳ ಅಣ್ಣನಿಗೆ ಹೇಳಿದ್ದೆ, ಮುಂದಿನ ಸಾಲಿನವರು ತಿರುಗಿ ನೋಡಿದರು, ಅವನು ಪಕ್ಕೆಗೆ ತಿವಿದ, ಬಾಯ್ ಮುಚ್ಚೆ, ಮಾನ ಕಳೀತೀಯ, ಅವಳು ನನ್ನತ್ತ ನೋಡುತ್ತಿದ್ದಾಳೆ, ಜಾಣೆ, ನನ್ನನ್ನೇ ನೋಡು, ಕಪಾಟು ಕಿರ್ ಎಂದಿತು, ಕೈ ಎದೆಗೆ, ಎದೆಗೆ — ಅವಳ ಪಕ್ಕದಿಂದ ಅವನ ಕೈ ಮೇಲೆದ್ದಿತು, ರಂಗದ ಬೆಳಕಿನಲ್ಲಿ ನೀಲಿಯಾಗಿ, ಒಲೆಯ ಪಕ್ಕದ ಮೂಲೆ, ನಾನು ಯಾವಾಗ ಓಡಿದೆ, ಅವನ ಮಣಿಕಟ್ಟು ನನ್ನ ಎಡಗೈಯಲ್ಲಿದೆ, ತಿರುಚಿದೆ, ಒಳಗೆ ಏನೋ ಲಟಕ್ಕೆಂದಿತು, ಬಿಡೇ ಅಂತ ಅರಚಿದ, ನನ್ನ ಬಲಗೈ ಅವನ ಬಾಯಿಗೆ ಬಿತ್ತು, ಹಲ್ಲು ನನ್ನ ಗೆಣ್ಣಿಗೆ ತಾಗಿ ಬಿಸಿಬಿಸಿ ರಕ್ತ, ಅವನದೋ ನನ್ನದೋ, ಹಾಯೆನಿಸಿತು, ದೇವರಾಣೆ ಹಾಯೆನಿಸಿತು, ಇನ್ನೊಂದು ಬಿಡಬೇಕು, ಕೈ ಮತ್ತೆ ಮೇಲೆ ಹೋಯಿತು — ಢಂ. ಯಾರೂ ಸನ್ನೆ ಮಾಡಲಿಲ್ಲ. ಅವಳು ಕುರ್ಚಿಗಳ ನಡುವೆ ನೆಲದಲ್ಲಿ, ಎರಡೂ ತೋಳು ತಲೆಯ ಮೇಲೆ, ತೋಳುಗಳ ಸಂದಿಯಿಂದ ಒಂದು ಕಣ್ಣು, ಪಿಸ್ತೂಲನ್ನಲ್ಲ, ಅಣ್ಣನನ್ನಲ್ಲ, ಮೇಲೆ ನೋಡುತ್ತಿದೆ, ನನ್ನ ಕೈ, ಇಳಿಸು, ಇಳಿಸೇ, ಬುಡ ಅಗಲ, ತುದಿ ಹಿಂದಕ್ಕೆ ಬಾಗಿದ್ದು, ಇಳಿಯುತ್ತಿಲ್ಲ, ಅಲ್ಲೇ ನಿಂತಿದೆ, ಹೆಬ್ಬೆರಳು, ಆ ಹೆಬ್ಬೆರಳು