ಕಾವಿಗೆ ಕೂತ ಕೋಳಿ

ಕಾವಿಗೆ ಕೂತಿದ್ದ ಕೋಳಿಯನ್ನು ಮೊಟ್ಟೆಗಳ ಮೇಲಿನಿಂದ ಎತ್ತಿಕೊಂಡು ಹೋದರು. ಬಿಡಾರಕ್ಕೆ ಬಂದಿದ್ದ ಸಾಹೇಬರ ಮಧ್ಯಾಹ್ನದ ಊಟಕ್ಕೆ. ಕೋಳಿ ಬರಗೇರಮ್ಮನದು. ಮೊಟ್ಟೆಗಳು ಮೂರು ಮನೆಯವು.

ಎತ್ತಿಕೊಂಡು ಹೋದವನು ತಳವಾರ ಯತ್ತಪ್ಪ. ಎತ್ತಿಕೊಂಡು ಬಾ ಎಂದವರು ಮುತ್ತುಗದಹಟ್ಟಿಯ ಪಟೇಲರಾದ ಏಕಾಂತಪ್ಪಗೌಡರು. ಗೌಡರ ಮನೆಯಲ್ಲಿ ಕೋಳಿ ಮುಟ್ಟುವುದಿರಲಿ, ಕೋಳಿ ಎಂಬ ಮಾತನ್ನೂ ಒಳಗೆ ತರುವಂತಿರಲಿಲ್ಲ. ಆದರೆ ಯಾರ ಮನೆಯ ಕೋಳಿ ಯಾವ ಹೊತ್ತಿಗೆ ಹೋಗಬೇಕೆಂಬುದು ಮಾತ್ರ ಅವರ ಜಗಲಿಯ ಮೇಲೇ ತೀರ್ಮಾನವಾಗುತ್ತಿತ್ತು.

ಹೊಸದುರ್ಗದಿಂದ ಹೊರಕೆರೆದೇವಪುರದ ಕಡೆಗೆ ಹೋಗುವ ಗಾಡಿದಾರಿಯ ಪಕ್ಕದ ಹುಣಸೆತೋಪಿನಲ್ಲಿ ಸಾಹೇಬರ ಡೇರೆ ಬಿದ್ದಿತ್ತು. ಡೇರೆ ಬಿತ್ತೆಂದರೆ ಹಟ್ಟಿಯವರು ಸೌದೆ ಹೊರಬೇಕು, ಕುದುರೆಗೆ ಹುಲ್ಲು ಹಾಕಬೇಕು, ಹಾಲು, ಮೊಟ್ಟೆ, ಕೋಳಿ ಎಲ್ಲವನ್ನೂ ಒದಗಿಸಬೇಕು. ಬೆಲೆ ಕೊಟ್ಟೇ ತೆಗೆದುಕೊಳ್ಳಬೇಕೆಂದು ಮಹಾರಾಜರ ಸರ್ಕಾರದ ಹುಕುಂ ಇದೆಯಂತೆ. ಆ ಹುಕುಂ ಹಟ್ಟಿಯವರೆಗೆ ನಡೆದು ಬಂದದ್ದನ್ನು ಕಂಡವರು ಯಾರೂ ಇರಲಿಲ್ಲ.

ಯತ್ತಪ್ಪ ಅಂಗಳಕ್ಕೆ ಬಂದಾಗ ಬರಗೇರಮ್ಮ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಅವನು ನೇರವಾಗಿ ಗೋಡೆಮೂಲೆಯ ಒಡೆದ ಮಡಕೆಯ ಕಡೆಗೆ ಹೋದದ್ದು ನೋಡಿ ಸೊಪ್ಪು ಕೈಬಿಟ್ಟಳು.

"ಯತ್ತಣ್ಣ, ಅದು ಕಾವ್ಗೆ ಕುಂತೈತೆ, ಮುಟ್‌ಬ್ಯಾಡ."

"ಗೊತ್ತು ಕಣಕ್ಕ."

"ಗೊತ್ತಿದ್ದೂ ಹೋಗ್ತೀಯಲ್ಲ. ಹುಂಜ ಐತೆ, ಹುಂಜ ಹಿಡ್ಕಂಡ್ ಹೋಗು."

"ಹುಂಜ ಆಗ್ಲೇ ಬೇಲಿ ಹಾರೈತೆ. ಅದರ ಹಿಂದೆ ನಾನು ಓಡ್ತಾ ಕುಂತ್ರೆ ಅಲ್ಲಿ ಅಡುಗೆಯೋನು ನನ್ನೇ ಹುರೀತಾನೆ. ಇದಾದ್ರೆ ಕುಂತಲ್ಲೇ ಐತೆ."

ಕುಂತಲ್ಲೇ ಇದ್ದದ್ದೇ ಆ ಹೇಂಟೆಯ ತಪ್ಪಾಯಿತು. ನಾಯಿ ಬಂದರೂ ಏಳದೆ, ಮಳೆ ಹನಿದರೂ ಏಳದೆ, ಕಾಳು ಹಾಕಿದರೂ ಒಂದು ಗುಟುಕಿಗೆ ಇಳಿದು ಮತ್ತೆ ಹತ್ತಿ ಕೂರುತ್ತಿದ್ದ ಕೋಳಿ ಅದು. ಯತ್ತಪ್ಪನ ಕೈ ಬಂದಾಗಲೂ ಓಡಲಿಲ್ಲ. ಅವನ ಮಣಿಕಟ್ಟನ್ನು ಕುಕ್ಕಿತು, ಅಷ್ಟೆ. ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಅವನು ಹೊರಟಾಗ ಬರಗೇರಮ್ಮ ಹಿಂದೆ ಓಡಲಿಲ್ಲ. ಮಡಕೆಯ ಹತ್ತಿರ ಹೋಗಿ, ಬಿಸಿ ಆರದಿರಲೆಂದು ಸೆರಗನ್ನು ಮುದುರಿ ಮೊಟ್ಟೆಗಳ ಮೇಲೆ ಒತ್ತಿದಳು.

ಬರಗೇರಮ್ಮನ ಗಂಡ ಸತ್ತು ಬಹಳ ಕಾಲವಾಗಿತ್ತು. ಅವನು ಬಿಟ್ಟುಹೋದದ್ದು ಒಂದು ತುಂಡು ಕಲ್ಲುಹೊಲ ಮತ್ತು ಒಂದು ಯಾಟೆ. ಆ ಎಳೆಗೋಳಿಯಿಂದ ಅವಳು ಸಂಸಾರ ಕಟ್ಟಿದ್ದಳು. ಕೋಳಿ ಹೆಚ್ಚಿಸಿ ಒಂದು ಹೆಣ್ಣು ಆಡಿನ ಮರಿ ತಂದಳು. ಆಡು ಹೆಚ್ಚಿಸಿ ಒಂದು ಕಡಸು ತಂದಳು. ಆ ಕಡಸು ಬೆಳೆದು ಈಗ ಕೆಂದಿ ಎಂಬ ಹಸುವಾಗಿ ಕೊಟ್ಟಿಗೆಯಲ್ಲಿ ನಿಂತಿತ್ತು. ಮೇಲಿನದು ಬಂದಾಗ ಕೆಳಗಿನದನ್ನು ಅವಳು ಬಿಟ್ಟವಳಲ್ಲ. ಕೆಂದಿಯ ಕಿವಿಯ ಉಣ್ಣಿಯನ್ನು ಕೋಳಿಗಳು ಹೆಕ್ಕುತ್ತಿದ್ದವು. ತಿಪ್ಪೆಯ ಹುಳವನ್ನು ಕೆದಕಿ ತಿನ್ನುವವೂ ಅವೇ. ಕೆದಕಿದ ತಿಪ್ಪೆ ಬೇಗ ಗೊಬ್ಬರವಾಗುತ್ತಿತ್ತು. ಕೆಂದಿ ಮೂಸಿ ಬಿಟ್ಟ ಒರಟು ಕಡ್ಡಿಯನ್ನು ಆಡುಗಳು ತಿನ್ನುತ್ತಿದ್ದವು. ಆಡಿನ ಹಿಕ್ಕೆ ಬಿದ್ದ ಕಲ್ಲುಹೊಲದಲ್ಲಿ ಸಾವೆಯೂ ಹುರುಳಿಯೂ ಬೆಳೆಯುತ್ತಿದ್ದವು. ತೂರಿ ಬಿದ್ದ ಜೊಳ್ಳು ತಿರುಗಿ ಕೋಳಿಗೆ. ಮೂರರಲ್ಲಿ ಒಂದನ್ನು ಎಳೆದರೆ ಉಳಿದ ಎರಡೂ ವಾಲುತ್ತವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಮ್ಮೆ ಕೊಕ್ಕರೆ ರೋಗ ಬಂದು ಕೋಳಿಗಳೆಲ್ಲ ಹೋದ ವರ್ಷ ಕೆಂದಿಯ ಮೈ ತುಂಬ ಉಣ್ಣಿ ಕಚ್ಚಿ ಹಾಲೇ ಬತ್ತಿಹೋಗಿತ್ತು.

ಹಟ್ಟಿಯಲ್ಲಿ ಇನ್ನೊಂದು ನಡವಳಿಕೆ ಇತ್ತು. ಎಲ್ಲ ಕೋಳಿಯೂ ಕಾವಿಗೆ ಗಟ್ಟಿಯಾಗಿ ಕೂರುವುದಿಲ್ಲ. ಗಟ್ಟಿಯಾಗಿ ಕೂರುವ ಕೋಳಿ ಯಾರ ಮನೆಯಲ್ಲಿದೆಯೋ ಅಲ್ಲಿಗೆ ನೆರೆಯವರು ತಮ್ಮ ಮೊಟ್ಟೆ ತಂದಿಡುತ್ತಿದ್ದರು. ಗುರುತಿಗೆ ಇದ್ದಲು. ನೆರೆಮನೆಯ ಜಯಕ್ಕನದು ಒಂದು ಗೀಟು, ಆಚೆಮನೆಯ ದೊಡ್ಡತಿಮ್ಮಪ್ಪನದು ಅಡ್ಡಗೀಟು, ಬರಗೇರಮ್ಮನದು ಬರಿಮೊಟ್ಟೆ. ಮರಿಯಾದ ಮೇಲೆ ಅರ್ಧ ಮೊಟ್ಟೆಯವರಿಗೆ, ಅರ್ಧ ಕೋಳಿಯವರಿಗೆ. ಜಯಕ್ಕ ಆ ಒಡೆದ ಮಡಕೆಯಲ್ಲೇ ತನ್ನ ಮೊದಲ ಆಡನ್ನು ಕಾಣುತ್ತಿದ್ದಳು. ಬರಗೇರಮ್ಮ ಹತ್ತಿದ ಮೆಟ್ಟಿಲನ್ನೇ ತಾನೂ ಹತ್ತಬೇಕೆಂದು ಅವಳ ಆಸೆ.

ಆ ದಿನವೆಲ್ಲ ಇಬ್ಬರು ಹೆಂಗಸರೂ ಮೊಟ್ಟೆಗಳ ಸುತ್ತ ಸುತ್ತಿದರು. ಇನ್ನೊಂದು ಕೋಳಿಯನ್ನು ತಂದು ಕೂರಿಸಿದರೆ ಅದು ಕೆಂಡ ತುಳಿದಂತೆ ಎದ್ದು ಹೋಯಿತು. ಹಳೆಯ ಕಂಬಳಿಯಲ್ಲಿ ಸುತ್ತಿ ಒಲೆಯ ಮಗ್ಗುಲಲ್ಲಿಟ್ಟರು. ಮರುದಿನ ಬೆಳಿಗ್ಗೆ ಮೊಟ್ಟೆಗಳು ಹೊಳೆಗಲ್ಲಿನ ಹಾಗೆ ತಣ್ಣಗಿದ್ದವು. ಜಯಕ್ಕ ತನ್ನ ಗೀಟಿನ ಒಂದು ಮೊಟ್ಟೆಯನ್ನು ಒಡೆದು ನೋಡಿದಳು. ಒಳಗೆ ಮರಿಗೆ ಕೊಕ್ಕು ಬಂದಿತ್ತು. ರೆಕ್ಕೆಯ ಮೇಲೆ ಒದ್ದೆ ತುಪ್ಪಳವೂ ಬಂದಿತ್ತು.

"ಇನ್ ಎರಡು ದಿನ ಇತ್ತು ಅಕ್ಕಯ್ಯ," ಎಂದಳು ಜಯಕ್ಕ. ಆಮೇಲೆ ಒಡೆದ ಚಿಪ್ಪನ್ನು ಕೆಳಗಿಟ್ಟು, "ನೀನಾದ್ರೂ ಅಡ್ಡ ನಿಲ್ಬೇಕಿತ್ತು," ಎಂದಳು.

ಆ ಮಾತು ಬರಗೇರಮ್ಮನ ಎದೆಗೆ ನಾಟಿತು. ಅವಳು ಮೊಟ್ಟೆಗಳನ್ನೆಲ್ಲ ಮತ್ತೆ ಮಡಕೆಯ ಹೊಟ್ಟಿನ ಮೇಲೆ ಜೋಡಿಸಿಟ್ಟಳು. ಎಸೆಯಲಿಲ್ಲ.

ಅಷ್ಟರಲ್ಲಿ ಯತ್ತಪ್ಪ ಡೇರೆಗೆ ಹಾಲು ಒಯ್ಯಲು ತಂಬಿಗೆ ಹಿಡಿದು ಬಂದವನು ಬಾಗಿಲಲ್ಲೇ ನಿಂತು, ಕೇಳದಿದ್ದರೂ ಹೇಳಿದ. ಕಾವಿಗೆ ಕೂತ ಕೋಳಿ ಮೇವು ಬಿಟ್ಟು ಒಣಗಿರುತ್ತದೆ. ಡೇರೆಯ ಅಡುಗೆಯವನು ಪುಕ್ಕ ತರಿದು ನೋಡಿ, ಇದರಲ್ಲಿ ಎಲುಬು ಬಿಟ್ಟರೆ ಇನ್ನೇನಿದೆ ಎಂದು ಬೈದನಂತೆ.

"ಆಮ್ಯಾಕೆ?" ಎಂದಳು ಬರಗೇರಮ್ಮ.

"ಆಮ್ಯಾಕೆ ದೊಡ್ಡತಿಮ್ಮಪ್ಪನ ಆಡಿನ ಮರಿ ತಂದು ಕೊಟ್ಟೆ."

"ನನ್ನ ಕೋಳಿ?"

ಯತ್ತಪ್ಪ ತಂಬಿಗೆಯ ಕಂಠವನ್ನು ಒರೆಸುತ್ತ, "ನಾಯಿಗೆ ಹಾಕಿದ್ರು," ಎಂದ.

ಆ ದಿನ ಮಧ್ಯಾಹ್ನ ಚಾವಡಿಯ ಮುಂದೆ ಹಟ್ಟಿಯವರನ್ನೆಲ್ಲ ಕೂಡಿಸಿದರು. ಸಾಹೇಬರು ಎಂದರೆ ಬಿಳಿಯರೇನಲ್ಲ. ಜರಿಪೇಟದ, ನಮ್ಮ ಸೀಮೆಯ ಮನುಷ್ಯರೇ. ಒಳ್ಳೆಯ ಕನ್ನಡವನ್ನೇ ಆಡುತ್ತಿದ್ದರು. ಹಳ್ಳಿಗಳ ಉದ್ಧಾರಕ್ಕಾಗಿಯೇ ಊರೂರು ತಿರುಗುತ್ತಿದ್ದಾರೆಂದು ಗೌಡರು ಮೊದಲೇ ತಿಳಿಸಿದ್ದರು. ಸಾಹೇಬರ ಕುರ್ಚಿಯ ಕಾಲ ಬಳಿ ಚುಕ್ಕೆ ಮೈಯ ಅವರ ನಾಯಿ ಹೊಟ್ಟೆ ತುಂಬಿ ಮಲಗಿತ್ತು.

"ರೈತರು ಹೊಲವೊಂದನ್ನೇ ನಂಬಿ ಕೂರಬಾರದು," ಎಂದರು ಸಾಹೇಬರು. "ಹಸು, ಆಡು, ಕೋಳಿ ಈ ಮೂರನ್ನೂ ಒಟ್ಟಿಗೆ ಸಾಕಬೇಕು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಸೋಮಾರಿತನ ಬಿಟ್ಟು ಇಷ್ಟು ಮಾಡಿದರೆ ನಿಮ್ಮ ಬಡತನ ತಾನಾಗಿ ಓಡುತ್ತದೆ."

ಹಿಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡತಿಮ್ಮಪ್ಪ ಕಂಬಳಿಯೊಳಗೆ ಬಾಯಿಟ್ಟು, "ನಮ್ಮ ಆಡಿನ ಮರಿ ಅವರ ಹೊಟ್ಟೆಯಾಗೆ ಕುಂತು ಮಾತಾಡ್ತೈತೆ, ಕೇಳ್ಕಳ್ರಿ," ಎಂದ. ಸುತ್ತ ಕೂತವರ ಭುಜಗಳು ಕುಲುಕಿದವು. ಹಟ್ಟಿಯವರು ತಲೆದೂಗುತ್ತಿದ್ದಾರೆಂದು ಸಾಹೇಬರು ತಿಳಿದರು. ಸಂತೋಷಪಟ್ಟು, ಈ ಊರಿನಲ್ಲಿ ಮೂರನ್ನೂ ಸಾಕಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಗೌಡರು ಕೈ ಮುಗಿದು ಬರಗೇರಮ್ಮನನ್ನು ತೋರಿಸಿದರು. ಸಾಹೇಬರು ಮೆಚ್ಚಿ, ಬೆಳಿಗ್ಗೆ ಅವಳ ಮನೆ ನೋಡುತ್ತೇವೆ, ಅವಳಿಗೊಂದು ಸೀಮೆ ಹುಂಜವನ್ನು ಇನಾಮು ಕೊಡುತ್ತೇವೆ, ಎಂದರು.

ತಿನ್ನುವವರಿಗೆ ಕೊಟ್ಟು ಕೊಟ್ಟು ಸೋತ ಜನಕ್ಕೆ ಸಾಕುವುದನ್ನು ಕಲಿಸಲು ತಿನ್ನುವವರೇ ಬಂದಿದ್ದರು. ಮೇಲೆ ಸೋಮಾರಿಗಳು ಎಂಬ ಹೆಸರು ಬೇರೆ. ಬರಗೇರಮ್ಮನಿಗೆ ಆ ಕುರ್ಚಿಯ ಬಳಿಯ ನಾಯಿ ಬಿಟ್ಟು ಬೇರೇನೂ ಕಾಣಲಿಲ್ಲ.

ಹೊತ್ತು ಇಳಿಯುವ ಮುಂಚೆ ಗೌಡರು ಅವಳನ್ನು ಜಗಲಿಯ ಮುಂದಕ್ಕೆ ಕರೆಸಿದರು.

"ನಿನ್ನ ಪುಣ್ಯ ಕಣವ್ವ. ಅಂಗಳ ಸಾರಿಸು, ಹಸೂನ ಮೈ ತೊಳೆ. ಕೋಳಿ ಕಡಿಮೆ ಕಂಡ್ರೆ ಆಚೀಚೆಯವರವನ್ನ ತಂದು ಬಿಟ್ಕ. ಆ ಮಡಕೆ ತೆಗೆದು ಹೊರಗೆ ಹಾಕು."

"ಅದರ ಮೇಲೆ ಕುಂತಿದ್ದ ಕೋಳಿ ಎಲ್ಲಿ ಅಂದ್ರೆ, ಗೌಡ್ರೆ?"

"ನರಿ ಹೊತ್ತೊಯ್ತು ಅನ್ನು."

"ನರಿ ಬಂದಿಲ್ವಲ್ಲ."

ಗೌಡರು ವಿಭೂತಿ ಹಚ್ಚಿದ ಹಣೆಯನ್ನು ಸ್ವಲ್ಪವೂ ಗಂಟಿಕ್ಕಲಿಲ್ಲ. "ನೋಡವ್ವ, ಬೆಲೆ ಕೊಡದೇ ಕೋಳಿ ತಂದ್ರು ಅಂತ ಆದ್ರೆ ನನ್ನ ಹೆಸರು ಕೆಡ್ತೈತೆ. ನರಿ ಅಂದ್ರೆ ಯಾರ ಹೆಸರೂ ಕೆಡಲ್ಲ. ಅನ್ನಲ್ಲ ಅಂದ್ರೆ ಗೋಮಾಳ ಐತಲ್ಲ, ನಾಳೆಯಿಂದ ಅದರಾಗೆ ನಿನ್ನ ಹಸೂನ ಬಾಲ, ಆಡಿನ ಕೊಂಬು ಕಾಣಬಾರ್ದು. ಯತ್ತಪ್ಪ ಅಲ್ಲೇ ಇರ್ತಾನೆ."

ಗೋಮಾಳ ಹಟ್ಟಿಯವರೆಲ್ಲರ ಮೇವುಮಾಳ. ಅದು ಗೌಡರ ಸ್ವಂತದ್ದಲ್ಲ. ಆದರೆ ಅದರ ಬಾಯಿ ತೆರೆಯುವುದೂ ಮುಚ್ಚುವುದೂ ಗೌಡರ ನಾಲಗೆಯ ಮೇಲಿತ್ತು. ಗೋಮಾಳ ತಪ್ಪಿದರೆ ಮುಂಗಾರಿನವರೆಗೂ ಕೆಂದಿ ನಿಲ್ಲುವುದಿಲ್ಲ, ಆಡುಗಳೂ ನಿಲ್ಲುವುದಿಲ್ಲ. ಒಂದು ಯಾಟೆಯಿಂದ ಕಟ್ಟಿದ್ದು ಮತ್ತೆ ಒಂದು ಯಾಟೆಗೇ ಬಂದು ನಿಲ್ಲುತ್ತದೆ. ಬರಗೇರಮ್ಮ ಸೆರಗು ಕೊಡವಿಕೊಂಡಳು. ಎದ್ದು ಬಂದಳು.

ಕಾದಿದ್ದ ಜಯಕ್ಕ ಎಲ್ಲ ಕೇಳಿ, "ಅಂದುಬಿಡು ಅಕ್ಕಯ್ಯ," ಎಂದಳು. "ಒಂದು ಮಾತು. ನರಿಗೇನು ಬೇಜಾರಾಗ್ತದಾ?"

"ನರಿಗೆ ಆಗಲ್ಲ, ನಂಗೆ ಆಗ್ತೈತೆ."

"ನಿನ್ನ ಕೆಂದಿ ಮಖ ನೋಡ್ಕ."

"ಅದನ್ನ ನೋಡ್ಕಂಡೇ ಅಂತಿರೋದು ಕಣೇ. ಈ ಸಾರಿ ಕೋಳಿಗೆ ನರಿ ಅಂದೆ ಅನ್ನು. ಬರೋ ಸಾರಿ ಕೆಂದೀನ ಹಾಲಿಗೆ ಅಂತ ಎಳ್ಕಂಡು ಹೋದ್ರೆ ಏನನ್ಲಿ? ಹುಲಿ ಅನ್ಲಾ?"

ಜಯಕ್ಕನಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಬೆಳಿಗ್ಗೆ ಬಿಸಿಲು ಏರುವ ಮುಂಚೆಯೇ ಸಾಹೇಬರು ಬಂದರು. ಜೊತೆಗೆ ಗೌಡರು, ಯತ್ತಪ್ಪ, ಪುಟ್ಟಿಯಲ್ಲಿ ಸೀಮೆ ಹುಂಜ, ಸರಪಳಿಯಲ್ಲಿ ನಾಯಿ. ಬೇಲಿಯಾಚೆ ಹಟ್ಟಿಯವರು ಸೇರಿದರು. ಬರಗೇರಮ್ಮ ಅಂಗಳ ಸಾರಿಸಿದ್ದಳು, ಕೆಂದಿಯ ಮೈಯನ್ನೂ ತೊಳೆದಿದ್ದಳು. ಯಾರ ಕೋಳಿಯನ್ನೂ ಕೇಳಿ ತಂದಿರಲಿಲ್ಲ. ಮಡಕೆ ಮೂಲೆಯಲ್ಲೇ ಇತ್ತು.

ಸಾಹೇಬರು ಕೆಂದಿಯ ಬೆನ್ನು ತಟ್ಟಿದರು. ಆಡುಗಳ ರೊಪ್ಪಕ್ಕೆ ಇಣುಕಿದರು. ತಿಪ್ಪೆ ಕೆದಕುತ್ತಿದ್ದ ಕೋಳಿಗಳನ್ನು ನೋಡಿ, "ನಾನು ಹೇಳಿದ್ದು ಇದನ್ನೇ," ಎಂದು ಗೌಡರ ಕಡೆ ತಿರುಗಿ ಹಿಗ್ಗಿದರು. ಆಮೇಲೆ ಮಡಕೆ ಕಣ್ಣಿಗೆ ಬಿತ್ತು. ಬಗ್ಗಿ ಇದ್ದಲಿನ ಗೀಟುಗಳನ್ನು ನೋಡಿದರು. ಒಂದು ಮೊಟ್ಟೆಯನ್ನು ಮುಟ್ಟಿ ಕೈ ಹಿಂತೆಗೆದರು.

"ತಣ್ಣಗಿದೆಯಲ್ಲ. ಇದರ ಕೋಳಿ ಎಲ್ಲಿ?"

ನಾಯಿ ಸರಪಳಿ ಜಗ್ಗಿಕೊಂಡು ಬಂದು ಮಡಕೆಯನ್ನು ಮೂಸಿತು, ಬಾಲ ಆಡಿಸಿತು. ಯತ್ತಪ್ಪ ನೆಲ ನೋಡತೊಡಗಿದ. ಸಾಹೇಬರು ನಾಯಿಯನ್ನು ನೋಡಿದರು, ಯತ್ತಪ್ಪನನ್ನು ನೋಡಿದರು, ಅವನ ಮಣಿಕಟ್ಟಿನ ಕುಕ್ಕಿದ ಗಾಯವನ್ನೂ ನೋಡಿದರು. ಅವರೇನೂ ದಡ್ಡರಲ್ಲ. ಅವರ ಮುಖ ಒಂದು ಕ್ಷಣ ಬಿಳುಚಿತು. ಬರಗೇರಮ್ಮ ಅದನ್ನು ಕಂಡಳು. ಈಗ ಕೇಳುತ್ತಾರೆ ಎಂದುಕೊಂಡಳು.

ಅವರು ಕೇಳಲಿಲ್ಲ. ಪೇಟ ಸರಿಮಾಡಿಕೊಂಡರು.

"ಹೇಳವ್ವ, ಬುದ್ಯೋರು ಕೇಳ್ತಾ ಅವ್ರೆ," ಎಂದರು ಗೌಡರು. "ನರಿ ಹೊತ್ತೊಯ್ತು ಅಂತ ಹೇಳು."

"ಹೌದು, ಈ ಕಡೆ ನರಿಗಳು ಬಹಳವಿರಬೇಕು," ಎಂದರು ಸಾಹೇಬರು, ಅವಳ ಮುಖ ನೋಡದೆ. ಪುಟ್ಟಿಯನ್ನು ಅವಳ ಕಡೆಗೆ ಸರಿಸುವಂತೆ ಯತ್ತಪ್ಪನಿಗೆ ಸನ್ನೆ ಮಾಡಿದರು. "ನರಿಯೇ ಅಲ್ಲವೇನಮ್ಮ? ಹಾಗಂತ ಒಂದು ಮಾತು ಹೇಳಿಬಿಡು, ಹುಂಜ ತೆಗೆದುಕೊ. ಹೋಗುತ್ತೇವೆ."

ಪುಟ್ಟಿಯೊಳಗೆ ಹುಂಜ ರೆಕ್ಕೆ ಬಡಿಯಿತು. ಬೇಲಿಯಾಚೆ ಜಯಕ್ಕ ನಿಂತಿದ್ದಳು. ಅದರಾಚೆ ಗೋಮಾಳ ಬೆಳಗಿನ ಬಿಸಿಲಲ್ಲಿ ಹಳದಿಯಾಗಿ ಹಬ್ಬಿತ್ತು. ಕೆಂದಿ ಹಗ್ಗ ಜಗ್ಗುತ್ತಿತ್ತು. ಅದು ಮೇಯಲು ಹೋಗುವ ಹೊತ್ತು.

ಬರಗೇರಮ್ಮ ಪುಟ್ಟಿಯನ್ನು ಮುಟ್ಟಲಿಲ್ಲ. ಹೋಗಿ ಕೆಂದಿಯ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡಳು.

"ನರಿ ಬಂದಿಲ್ಲ ಬುದ್ಧಿ," ಎಂದಳು. "ಬಂತು ಅಂತ ನಾನು ಹೇಳಲ್ಲ."