ಫೊರ್ತುನಾತಾಳ ಕೈಗುಣ

ಇಬ್ಬನಿ ಆರದ ಕುದುರೆಮೆಂತ್ಯದ ಸೊಪ್ಪು ತಿಂದರೆ ಕುಯ್‌ಗಳಿಗೆ, ಅಂದರೆ ಮನೆಯ ಗಿನಿಹಂದಿಗಳಿಗೆ, ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಫೊರ್ತುನಾತಾ ಅಂಗಳದಲ್ಲಿ ಗೋಣಿ ಹಾಸಿ, ಸೊಪ್ಪನ್ನು ತೆಳ್ಳಗೆ ಹರಡಿ, ಎರಡನೇ ಸಲ ಮಗುಚುತ್ತಿದ್ದಳು. ಒಳಗೆ ಒಲೆಯ ಸುತ್ತ ಹದಿನೆಂಟು ಗಿನಿಹಂದಿಗಳು 'ಕುಯ್, ಕುಯ್' ಎಂದು ಒಂದೇ ಸಮನೆ ರಾಗ ಎಳೆಯುತ್ತಿದ್ದವು.

"ಬಂದೆ ಇರ್ರೋ! ಮದುವೆ ಪಂಕ್ತಿಗೆ ಕೂತವರ ಹಾಗೆ ಕೂಗ್ತೀರಲ್ಲ."

ಅಷ್ಟರಲ್ಲಿ ಕೊಕ್ಕೆ ತಕ್ಕಡಿ ಹೆಗಲಿಗೆ ಹಾಕಿಕೊಂಡು ನೆಲಿದಾ ಬಂದಳು. ಮೇಲಿನ ಬೀದಿಯ ಹುಡುಗಿ. ಕೃಷಿ ಕಚೇರಿಯವರು ಹಳ್ಳಿಯ ಯುವಕರಿಗೆ ಕೊಡುವ ತರಬೇತಿಗೆ ಹೋಗಿ, ಎರಡು ವರ್ಷ ಕಲಿತು, ಈಗ ನೀಲಿ ಟೋಪಿ ಹಾಕಿಕೊಂಡು ತಿಂಗಳಿಗೊಮ್ಮೆ ತನ್ನೂರಿಗೇ ಪಾಠ ಹೇಳಲು ಬರುತ್ತಾಳೆ.

ಹೊಸ್ತಿಲಲ್ಲಿ ಆಲೂಗೆಡ್ಡೆ ಸುಲಿಯುತ್ತಿದ್ದ ಅತ್ತೆ ಸತುರ್ನಿನಾ ತಲೆಯೆತ್ತಿದಳು. "ಬಾರಮ್ಮ ಇಂಜಿನಿಯರಮ್ಮ! ಮೊನ್ನೆ ಮೊನ್ನೆವರೆಗೂ ಸಿಂಬಳ ಒರೆಸ್ಕೊಳ್ಳೋಕೆ ಬರ್ತಿರ್ಲಿಲ್ಲ, ಈಗ ನಮ್ಮ ಕುಯ್ ತೂಗೋಕೆ ಬಂದ್ಯಾ?"

"ಆ ಸಿಂಬಳ ಒರೆಸಿದ್ದು ನೀವೇ ಅಲ್ವಾ ಅಜ್ಜಿ? ಅದಕ್ಕೇ ಮೊದ್ಲು ನಿಮ್ಮನೆಗೆ ಬಂದೆ."

ಒಂದೊಂದನ್ನೇ ಚೀಲಕ್ಕೆ ಹಾಕಿ ತೂಗಿದರು. ಎಲ್ಲವೂ ಮುಕ್ಕಾಲು ಕಿಲೋದ ಆಸುಪಾಸು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ ಕಂದು ಗಂಡು ಮಾತ್ರ ಒಂದೂವರೆ ಕಿಲೋ ತೂಗಿತು.

"ಅಬ್ಬಾ, ಇವನನ್ನ ಕೊಲ್ಲಬೇಡಿ ಅಕ್ಕ," ಎಂದಳು ನೆಲಿದಾ. "ಹೋದ ತಿಂಗಳು ಕೊಟ್ಟಿಗೇಲಿ ಕಟ್ಟಿದ್ವಲ್ಲ, ಆ ಗೂಡಿಗೆ ಏಳು ಹೆಣ್ಣುಗಳ ಜೊತೆ ಬಿಡಿ."

"ಚೆನ್ನಾಗಿ ಹೇಳ್ದೆ!" ಎಂದಳು ಸತುರ್ನಿನಾ. "ಭಾನುವಾರ ಕಂಪಾದ್ರೆ ಇಲಾರಿಯೋನ್ ಊಟಕ್ಕೆ ಬರ್ತಾನೆ. ನನ್ನ ಮೊಮ್ಮಗನ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತೋನು, ಅದಕ್ಕೇ ನಮಗೆ ಕಂಪಾದ್ರೆ. ತಟ್ಟೆಯಿಂದ ಕುಯ್ ಕಾಲು ಹೊರಗೆ ಚಾಚದಿದ್ರೆ ಊರಿಡೀ ಹೇಳ್ಕೊಂಡು ತಿರುಗ್ತಾನೆ."

ನೆಲಿದಾ ಚೀಲ ಮಡಚಿದಳು. "ಅಜ್ಜಿ, ಹೋದ ಸಲ ಅವರು ಬಂದಾಗ ಯಾವುದನ್ನ ಕೊಯ್ದ್ರಿ?"

"ಇದ್ದದ್ರಲ್ಲಿ ದೊಡ್ಡದು."

"ಕಾರ್ನಿವಾಲ್ ಹಬ್ಬಕ್ಕೆ?"

"ದೊಡ್ಡದೇ. ನೆಂಟರಿಗೆ ನರಪೇತಲನ್ನ ಇಡ್ತಾರೇನೇ?"

"ಅದಕ್ಕೂ ಹಿಂದೆ?"

"ದೊಡ್ಡದೇ ಕಣೇ!"

"ಹಾಗಾದ್ರೆ ಮನೇಲಿ ಮರಿ ಹಾಕಿಸೋಕೆ ಉಳಿದೋರು ಯಾರು?"

ಸತುರ್ನಿನಾಳ ಚಾಕು ಆಲೂಗೆಡ್ಡೆಯ ಮೇಲೇ ನಿಂತಿತು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಗತೊಡಗಿದಳು. "ನರಪೇತಲರು!"

"ಬಿತ್ತನೆಗೆ ಎಂಥ ಆಲೂಗೆಡ್ಡೆ ತೆಗೆದಿಡ್ತೀರಿ? ಒಳ್ಳೇದನ್ನೇ ತಾನೇ?"

"ಆಲೂಗೆಡ್ಡೆಗೆ ಕಂಪಾದ್ರೆ ಇಲ್ಲ, ತಾಯಿ. ನನಗಿದಾನೆ."

ಫೊರ್ತುನಾತಾ ನಗಲಿಲ್ಲ. ಬಿಳಿ ಮಚ್ಚೆಯವನು ಅವಳ ಮಡಿಲಲ್ಲಿ ಬೆಚ್ಚಗೆ ಕುಳಿತಿದ್ದ. ಇಪ್ಪತ್ತು ವರ್ಷದ ಹಿಂದೆ ಮದುವೆಯಾಗಿ ಬಂದಾಗ ತವರಿನಿಂದ ತಂದ ಹತ್ತು ಕುಯ್‌ಗಳು ಮೊಲದಷ್ಟು ದಪ್ಪಗಿದ್ದವು. ವರ್ಷದಿಂದ ವರ್ಷಕ್ಕೆ ಮರಿಗಳು ಸಣ್ಣವಾಗುತ್ತಾ ಬಂದವು. 'ನಿನ್ನ ಕೈಗುಣ ಚೆನ್ನಾಗಿಲ್ಲ, ಸೊಸೆ' ಎಂದು ಅತ್ತೆ ಬೇಸರವಿಲ್ಲದೆ, ಇವತ್ತು ಬಿಸಿಲಿಲ್ಲ ಎಂದಷ್ಟೇ ಹಗುರಾಗಿ ಹೇಳುತ್ತಿದ್ದಳು. ಫೊರ್ತುನಾತಾಳೂ ಅದನ್ನೇ ನಂಬಿದ್ದಳು. ಸೊಪ್ಪು ಹಾಕುವಾಗ ಎಷ್ಟೋ ಸಲ ತನ್ನ ಅಂಗೈಯನ್ನೇ ತಿರುಗಿಸಿ ನೋಡಿಕೊಂಡಿದ್ದಳು. ಇಷ್ಟು ವರ್ಷ ಒಳ್ಳೆಯದನ್ನೆಲ್ಲ ಹುರಿದು ಬಡಿಸಿದ್ದೂ ಈ ಕೈಯೇ. ತಪ್ಪು ಕೈಗುಣದ್ದಲ್ಲ, ತಟ್ಟೆಯದು.

"ಯಾಕಕ್ಕ, ಕೈ ನೋಡ್ಕೊಳ್ತಾ ಕೂತ್ರಿ?"

"ಏನಿಲ್ಲ ಬಿಡು. ಸೊಪ್ಪು ಬಾಡಿರಬೇಕು." ಎದ್ದು ಹೋಗಿ ನೆಲಿದಾಳಿಗೆ ಬೇಯಿಸಿದ ಜೋಳದ ತೆನೆ ತಂದುಕೊಟ್ಟಳು, ಯಾಕೋ ಎರಡು ತೆನೆ ಕೊಟ್ಟಳು.

ನೆಲಿದಾ ಮುಂದಿನ ಮನೆಗೆ ಹೋದ ಮೇಲೆ ಅತ್ತೆ ಕೇಳಿದಳು, "ಭಾನುವಾರಕ್ಕೆ ತಟ್ಟೆ ತುಂಬುತ್ತೆ ತಾನೇ?"

"ತುಂಬುತ್ತೆ ಅತ್ತೆ. ಕಾಲು ಹೊರಗೆ ಚಾಚೋ ಹಾಗೇ ತುಂಬಿಸ್ತೀನಿ."

ಬಾಡಿದ ಸೊಪ್ಪನ್ನು ಸೆರಗಿಗೆ ತುಂಬಿಕೊಂಡು, ಬಿಳಿ ಮಚ್ಚೆಯವನನ್ನು ಕಂಕುಳಲ್ಲಿ ಇರುಕಿಕೊಂಡು ಫೊರ್ತುನಾತಾ ಕೊಟ್ಟಿಗೆಗೆ ಹೋದಳು. ಏಳು ಹೆಣ್ಣುಗಳನ್ನು ಆಮೇಲೆ ಒಂದೊಂದಾಗಿ ತಂದುಬಿಟ್ಟಳು. ಅತ್ತೆಯ ಕಣ್ಣಿಗೆ ಬೀಳದಂತೆ ಗೂಡಿನ ಮೇಲೆ ಹಳೆಯ ಕಂಬಳಿ ಇಳಿಬಿಟ್ಟಳು. ಕಂಪಾದ್ರೆಯ ತಟ್ಟೆಗೆ ಎರಡು ಸಣ್ಣವು ಸಾಕು: ಎದುರುಬದುರು ಮಲಗಿಸಿದರೆ ಎಂಟು ಕಾಲು ಹೊರಗೆ ಚಾಚುತ್ತವೆ. ನಡುವೆ ಆಲೂಗೆಡ್ಡೆ, ಮೇಲೆ ಖಾರದ ಗೊಜ್ಜು.

ಕಂಬಳಿಯ ಹಿಂದೆ ಸೊಪ್ಪು ಮೆಲ್ಲುವ ಸದ್ದು ಶುರುವಾಯಿತು. ಫೊರ್ತುನಾತಾ ಕೈ ಒರೆಸಿಕೊಂಡು, ಅತ್ತೆಯ ಜೊತೆ ಆಲೂಗೆಡ್ಡೆ ಸುಲಿಯಲು ಕುಳಿತಳು.