ಕ್ಯಾಸೆಟ್ಟಿನಲ್ಲಿ ಇಲ್ಲದ ಸಾಲು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವುದು ನನ್ನ ಕೆಲಸ. ಊರಿನ ಅರ್ಧ ಜನರ ಬಾಯಿ ನನಗೆ ಗೊತ್ತು, ಮುಖ ಒಬ್ಬರದೂ ಗೊತ್ತಿಲ್ಲ. ಅಚ್ಚು ಬರುತ್ತದೆ, ಹಲ್ಲು ಜೋಡಿಸುತ್ತೇನೆ, ಉಜ್ಜಿ ಹೊಳಪು ಕೊಟ್ಟು ಕಳಿಸುತ್ತೇನೆ. ಮನೆಗೆ ಹೋದರೆ ಅಲ್ಲೂ ಮಾತಾಡಲು ಯಾರಿಲ್ಲ. ಹಾಗಾಗಿ ಆ ಭಾನುವಾರ ಮಧ್ಯಾಹ್ನ, ಹಾಡಿನ ಕಾರ್ಯಕ್ರಮವೊಂದರಲ್ಲಿ ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟುಕೊಂಡು ಕೂತಿದ್ದಾಗ, ಕನ್ನಡಕದವನೊಬ್ಬ ಬಂದು "ಇಲ್ಲಿ ಯಾರಾದ್ರೂ ಇದ್ದಾರಾ?" ಎಂದು ಕೇಳಿದರೆ ಉತ್ತರಿಸುವ ಮೊದಲು ನಾನು ಗಂಟಲು ಸರಿಮಾಡಿಕೊಳ್ಳಬೇಕಾಯಿತು.

"ಇದ್ದಾರೆ. ನಮ್ಮಕ್ಕ. ಬರ್ತಾಳೆ."

ಬರುತ್ತಾಳೆಂದು ನನಗೆ ಯಾರೂ ಹೇಳಿರಲಿಲ್ಲ. "ನಮ್ಮವರು ಬರ್ತಿದ್ದಾರೆ, ನಿನ್ನ ಟಿಕೆಟ್ ಬಾಗಿಲ ಹತ್ರ ಕೊಟ್ಟಿರ್ತೀನಿ" ಎಂದು ಹದಿನೈದು ದಿನ ಮೊದಲೇ ಮೊಬೈಲಿನಲ್ಲಿ ಬರೆದು ಕಳಿಸಿದ್ದೆ. ಓದಿದ್ದಾಳೆಂದು ತೋರಿಸಿತು. ಉತ್ತರ ಮಾತ್ರ ಇಲ್ಲ. ಅಮ್ಮ ಹೋದಾಗಿನಿಂದ ನಮ್ಮಿಬ್ಬರಿಗೂ ಮಾತಿಲ್ಲ. ಕಡೆಯ ದಿನಗಳಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸೋಣ ಎಂದವಳು ಅಕ್ಕ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದವಳು ನಾನು. ಯಾರು ಸರಿ ಎಂದು ಹೇಳಬೇಕಾದ ಅಮ್ಮನೇ ಇಲ್ಲ. ಆಡಬಾರದ ಮಾತುಗಳನ್ನು ಇಬ್ಬರೂ ಸಮಸಮವಾಗಿ ಆಡಿ ಮುಗಿಸಿದೆವು.

'ನಮ್ಮವರು' ಎಂದರೆ ನೆಂಟರಲ್ಲ, ನಾಲ್ಕು ಜನರ ಒಂದು ಬ್ಯಾಂಡು. ಮನೆಯಲ್ಲಿ ಅಕ್ಕ ಇಟ್ಟ ಹೆಸರು ಅದು. ಹಿಂದೆ ಅವರ ಕಾರ್ಯಕ್ರಮವೆಂದರೆ ಮೈದಾನ ತುಂಬುತ್ತಿತ್ತು. ಆಗ ಅಪ್ಪ ನಮ್ಮನ್ನು ಕಳಿಸಲಿಲ್ಲ. "ದೊಡ್ಡವರಾದ್ಮೇಲೆ ಇಬ್ರೂ ಹೋಗೋಣ ಕಣೇ, ಮುಂದಿನ ಸಾಲಲ್ಲೇ ಕೂರೋಣ" ಎಂದು ಅಕ್ಕ ಸಮಾಧಾನ ಹೇಳಿದ್ದಳು. ದೊಡ್ಡವರಾದೆವು. ನಮ್ಮವರಿಗೂ ವಯಸ್ಸಾಯಿತು. ಈಗ ಫರ್ನಿಚರ್ ಅಂಗಡಿಯೊಂದರ ಮಹಡಿಯಲ್ಲಿ, ಅರವತ್ತು ಜನರ ಮುಂದೆ, ಮಧ್ಯಾಹ್ನದ ಹೊತ್ತು ಹಾಡುತ್ತಾರೆ. ಕುರ್ಚಿಗಳು ಕೆಳಗಿನ ಅಂಗಡಿಯವೇ. ಮಾರುವ ಮಾಲು ನೋಡಿ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಯಾರು ಅಲುಗಿದರೂ ಚರಚರ ಸದ್ದು.

ನಮಗಿದ್ದದ್ದು ಅವರ ಒಂದೇ ಕ್ಯಾಸೆಟ್ಟು. ಒಂದು ದಿನ ಟೇಪ್ ರೆಕಾರ್ಡರು ಅದರ ರೀಲನ್ನು ತಿಂದುಹಾಕಿತು. ನಾನು ಅತ್ತು ರಂಪ ಮಾಡಿದೆ. ಅಕ್ಕ ಸುಕ್ಕಾದಷ್ಟನ್ನು ಕತ್ತರಿಸಿ ಎಸೆದು, ಉಳಿದ ಎರಡು ತುದಿಗಳನ್ನು ಅಮ್ಮನ ಉಗುರುಬಣ್ಣ ಹಚ್ಚಿ ಅಂಟಿಸಿದಳು. ಹಾಡು ಬದುಕಿತು, ಆದರೆ ಒಂದು ಚರಣದಲ್ಲಿ ಒಂದು ಸಾಲು ಹೋಯಿತು. 'ಕೊನೆಯ ಬಸ್ಸು ಹೊರಟುಹೋಯ್ತು' ಎಂದದ್ದೇ ಟಕ್ಕೆಂದು 'ಆದರೂ ನಾ ನಿಂತೇ ಇರುವೆ' ಎಂದು ಹಾರುತ್ತಿತ್ತು. ನಾವೂ ಹಾಗೇ ಹಾರುತ್ತಿದ್ದೆವು. ಪಾತ್ರೆ ತೊಳೆಯುತ್ತಾ, ಬಟ್ಟೆ ಮಡಿಸುತ್ತಾ, ಇಬ್ಬರದೂ ಒಂದೇ ನೆಗೆತ. ನನ್ನ ದನಿ ಏರಿದರೆ ಅಕ್ಕ ಸುಮ್ಮನಿರುತ್ತಿರಲಿಲ್ಲ. "ಮೂಗಲ್ಲಿ ಹಾಡ್ಬೇಡ ಕಣೇ!"

ನಡುವಿನ ಸಾಲು ಯಾವುದೆಂದು ನನಗೆ ಗೊತ್ತಾದದ್ದು ಅಮ್ಮ ಹೋದ ಮೇಲೆ. ಒಬ್ಬಳೇ ಕೂತು ಮೊಬೈಲಿನಲ್ಲಿ ಕೇಳುತ್ತಿದ್ದೆ. 'ಯಾರೂ ಇಳಿಯಲಿಲ್ಲ ಕೆಳಗೆ.' ಅಷ್ಟೇ. ಇದನ್ನು ಅಕ್ಕನಿಗೆ ಹೇಳಬೇಕೆಂದು ಎಷ್ಟು ಆಸೆಯಾಯಿತೆಂದರೆ, ಅವಳ ನಂಬರು ಒತ್ತಿ, ರಿಂಗಾಗುವ ಮೊದಲೇ ಇಟ್ಟುಬಿಟ್ಟೆ. ಆಮೇಲೆ ಕೇಳಿ ಕೇಳಿ ಸರಿಯಾಗಿ ಹಾಡುವುದನ್ನು ಕಲಿತೆ. ಕ್ಯಾಸೆಟ್ಟು ಅಕ್ಕನ ಬಳಿಯೇ ಉಳಿದಿತ್ತು.

ನಮ್ಮವರು ಬಂದರು. ಇಷ್ಟು ಹತ್ತಿರದಿಂದ ನೋಡುವುದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಹಾಡುಗಾರನ ಮೇಲಿನ ಮುಂಭಾಗದ ಹಲ್ಲುಗಳು ಕಟ್ಟಿಸಿದವು, ಬಣ್ಣ ಒಂದು ಪಾಲು ಹೆಚ್ಚೇ ಬಿಳಿ. ಯಾರೋ ಆತುರದಲ್ಲಿ ಮಾಡಿದ್ದಾರೆ. ಗಿಟಾರಿನವನು ಎರಡು ಹಾಡಿಗೊಮ್ಮೆ ಬೆರಳು ನೀವಿಕೊಳ್ಳುತ್ತಿದ್ದ. ಆದರೂ ಮೊದಲ ಸ್ವರ ಹೊರಟಾಗ ನನ್ನ ಮೈ ಜುಮ್ಮೆಂದಿತು. ತಕ್ಷಣ ಪಕ್ಕಕ್ಕೆ ತಿರುಗಿದೆ. ಚೀಲ ಕೂತಿತ್ತು.

ಸುತ್ತ ಎಲ್ಲರೂ ಜೋಡಿಜೋಡಿಯಾಗಿ ಬಂದಿದ್ದರು. ಇನ್ನೊಂದು ಪಕ್ಕದ ಗಂಡಹೆಂಡತಿ ಒಬ್ಬರ ತೊಡೆಯ ಮೇಲೆ ಒಬ್ಬರು ತಾಳ ಹಾಕುತ್ತಿದ್ದರು. ನನಗೆ ಅಳು ಬರುವಷ್ಟು ಒಂಟಿ ಅನ್ನಿಸಿತು. ಮನೆಯಲ್ಲಿ ಒಬ್ಬಳೇ ಇರುವುದು ಅಭ್ಯಾಸವಾಗಿದೆ. ಇದು ಬೇರೆ. ಇಷ್ಟು ಜನ ಅದೇ ಹಾಡನ್ನು ಪ್ರೀತಿಸುವಾಗಲೂ ಅವರಲ್ಲಿ ಒಬ್ಬರೂ ನನ್ನವರಲ್ಲ. ಕನ್ನಡಕದವನು ಗೋಡೆಗೊರಗಿ ನಿಂತೇ ಇದ್ದ. ಇನ್ನೊಮ್ಮೆ ಕುರ್ಚಿ ನೋಡಿದ. ನಾನು ಚೀಲವನ್ನು ಇನ್ನಷ್ಟು ಒಳಕ್ಕೆ ತಳ್ಳಿದೆ.

ಕಡೆಗೆ ಆ ಹಾಡು ಬಂತು. ಇದರಲ್ಲೊಂದು ಪದ್ಧತಿ ಇದೆ, ಅಭಿಮಾನಿಗಳಿಗೆಲ್ಲ ಗೊತ್ತು. ರೆಕಾರ್ಡಿನಲ್ಲಿ ಒಂದೇ ಸಲ ಬರುವ ಬಸ್ಸಿನ ಚರಣವನ್ನು ವೇದಿಕೆಯಲ್ಲಿ ಎರಡು ಸಲ ಹಾಡುತ್ತಾರೆ. ಎರಡು ಸಲವೂ ಮೊದಲ ಸಾಲು ಮುಗಿದದ್ದೇ ವಾದ್ಯಗಳೆಲ್ಲ ನಿಂತುಬಿಡುತ್ತವೆ, ಮುಂದಿನ ಸಾಲು ಜನರದ್ದು.

"ಕೊನೆಯ ಬಸ್ಸು ಹೊರಟುಹೋಯ್ತು..."

ವಾದ್ಯ ನಿಂತಿತು. ನಾವು ಅರವತ್ತೂ ಜನ ಹಾಡಿದೆವು: "ಯಾರೂ ಇಳಿಯಲಿಲ್ಲ ಕೆಳಗೆ." ಅದೇ ಹೊತ್ತಿಗೆ ಹಿಂದಿನಿಂದ, ಬಾಗಿಲ ಕಡೆಯಿಂದ, ಒಂದೇ ಒಂದು ದನಿ ಎಲ್ಲರನ್ನೂ ಮೀರಿಸಿ, "ಆದರೂ ನಾ ನಿಂತೇ ಇರುವೆ" ಎಂದು ಎದೆಬಿಚ್ಚಿ ಹಾಡಿತು.

ಜನ ಗೊಳ್ಳೆಂದು ನಕ್ಕರು. ಹಾಡುಗಾರ ಹಣೆಯ ಮೇಲೆ ಕೈ ಅಡ್ಡ ಹಿಡಿದು ನೋಡಿದ. "ಹಿಂದಿರೋ ಅಮ್ಮಾವ್ರೇ, ಸ್ವಲ್ಪ ತಡ್ಕೊಳ್ಳಿ. ನಾವೂ ಅಲ್ಲಿಗೇ ಬರ್ತಾ ಇದ್ದೀವಿ!" ಮತ್ತೆ ನಗು.

ನಾನು ತಿರುಗಿದೆ. ದೀಪವೆಲ್ಲ ವೇದಿಕೆಯ ಮೇಲೆ, ಹಿಂದೆ ಬರೀ ಕತ್ತಲು. ಆದರೆ ನೋಡಬೇಕಾದ ಅಗತ್ಯವೇ ಇರಲಿಲ್ಲ. ಆ ತಪ್ಪು ಮಾಡುವವರು ಈ ಭೂಮಿಯ ಮೇಲೆ ಇಬ್ಬರೇ. ಅದರಲ್ಲಿ ಒಬ್ಬಳು ಈಗಷ್ಟೇ ಎಲ್ಲರ ಜೊತೆ ಸೇರಿ ಸರಿಯಾಗಿ ಹಾಡಿದ್ದಳು.

ಬಂದಿದ್ದಾಳೆ, ಬಂದು ಪಕ್ಕಕ್ಕೆ ಬಾರದೆ ಬಾಗಿಲಲ್ಲೇ ನಿಂತಿದ್ದಾಳೆ. ಸಂತೋಷ ಉಕ್ಕಿದ ಬೆನ್ನಿಗೇ ಭಯವಾಯಿತು. ಅಕ್ಕನಿಗೆ ಯಾರಾದರೂ ನಕ್ಕರೆ ಆಗುವುದಿಲ್ಲ. ಶಾಲೆಯಲ್ಲಿ ಒಬ್ಬ ಹುಡುಗಿ ನಕ್ಕಳೆಂದು ಪ್ರಾರ್ಥನೆಯ ಗುಂಪನ್ನೇ ಬಿಟ್ಟವಳು. ಈಗ ಹೊರಟುಬಿಡುತ್ತಾಳೆ. ಇವತ್ತು ಹೋದರೆ ಇನ್ನೆಂದೂ ಬರುವುದಿಲ್ಲ. ನಾನಿದ್ದದ್ದು ಮುಂದಿನ ಸಾಲಿನ ನಟ್ಟನಡುವೆ, ಎರಡೂ ಕಡೆ ಮೊಣಕಾಲುಗಳ ಬೇಲಿ. ಎದ್ದು ಅಲ್ಲಿಗೆ ತಲುಪುವುದರೊಳಗೆ ಅವಳು ಮೆಟ್ಟಿಲಿಳಿದಿರುತ್ತಾಳೆ.

ಎರಡನೆಯ ಸಲ ಬಂತು. "ಕೊನೆಯ ಬಸ್ಸು ಹೊರಟುಹೋಯ್ತು..."

ವಾದ್ಯ ನಿಂತಿತು. ನಾನು ಎದ್ದು ನಿಂತೆ, ಕುರ್ಚಿ ಚರ್ರೆಂದಿತು. ಯಾರೂ ಬಾಯಿ ತೆರೆಯುವ ಮೊದಲೇ, ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕಿರುಚಿದೆ: "ಆದರೂ ನಾ ನಿಂತೇ ಇರುವೆ!"

ಜನ ಹಾಡುವುದನ್ನೇ ಮರೆತರು. ಕಟ್ಟುಹಲ್ಲಿನ ಹಾಡುಗಾರ ಬಾಯಿ ತೆರೆದುಕೊಂಡು ನಿಂತ. ಪಕ್ಕದ ಗಂಡಹೆಂಡತಿ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಯಾರೋ ಕಿಸಕ್ಕೆಂದರು. ಬಾಗಿಲಿನ ಕಡೆಯಿಂದ ಏನೂ ಇಲ್ಲ. ಹೋಗಿಬಿಟ್ಟಳು ಅಂದುಕೊಂಡೆ. ಕೂರಲೂ ಆಗಲಿಲ್ಲ. ಡ್ರಮ್ಮಿನವನು ಪಾಪ ಎನ್ನಿಸಿ, ಹಾಡು ಮುಂದುವರಿಸಲು ಕೋಲು ಎತ್ತಿದ.

ಆಗ ಹಿಂದಿನ ಕತ್ತಲಿನಿಂದ ಕೇಳಿಸಿತು.

"ಮೂಗಲ್ಲಿ ಹಾಡ್ಬೇಡ ಕಣೇ!"

ನಾನು ಕುರ್ಚಿಯ ಮೇಲಿನ ಚೀಲ ತೆಗೆದು ಕಾಲ ಬಳಿ ಇಟ್ಟೆ.